ಜಯಚಾಮರಾಜ ಒಡೆಯರ ಎರಡು ಸಂಗೀತ

1964ರಿಂದ 1966ರವರೆಗೆ ಮದರಾಸಿನ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರನ್ನು ಇಲ್ಲಿನ ನಮ್ಮ ಹಿರಿಯರು ಮೈಸೂರಿನ ದೊರೆಯೆಂದೇ ಕಂಡರು. ಅವರು ಆಗಬಯಸಿದ್ದು ಮಾತ್ರ ಪಿಯಾನೋ ವಾದಕ. 1940ರಲ್ಲಿ ತಂದೆಯವರೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡು, ಇಪ್ಪತ್ತೊಂದನೆಯ ವಯಸ್ಸಿಗೇ ಪಟ್ಟವೇರಬೇಕಾಯಿತು; ವೇದಿಕೆಯ ಆಸೆ ಅಲ್ಲಿಗೆ ನಿಂತಿತು.

ಸಂಗೀತ ನಿಲ್ಲಲಿಲ್ಲ. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಸ್ವಂತ ರಚನೆಗಳನ್ನು ತಾವೇ ನುಡಿಸಿ ಗ್ರಾಮಫೋನ್ ತಟ್ಟೆಗಳಲ್ಲಿ ಉಳಿಸಿದ್ದು ಒಡೆಯರ ಹಣದಿಂದ. ಕೃತಜ್ಞರಾದ ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಾನ್ಸರ್ಟೊವನ್ನು ಅವರಿಗೆ ಅರ್ಪಿಸಿದರು.

ಇತ್ತ ಒಡೆಯರು 'ಶ್ರೀವಿದ್ಯಾ' ಅಂಕಿತದಲ್ಲಿ 94 ಸಂಸ್ಕೃತ ಕೃತಿಗಳನ್ನು ರಚಿಸಿದರು. ಇವುಗಳಲ್ಲಿ ಪಿಯಾನೋದ ನೆರಳನ್ನು ಹುಡುಕುವವರಿಗೆ ನಿರಾಶೆಯೇ ಗತಿ. ನಡೆ ದೀಕ್ಷಿತರ ದಾರಿಯದು. ದೀರ್ಘ ಸಮಾಸಗಳು, ಮಂತ್ರಶಾಸ್ತ್ರದ ಪದಗಳು ಕೇಳುಗನಿಗೆ ಕೆಲವೆಡೆ ಭಾರವೆನಿಸುವುದೂ ನಿಜ. ಆದರೆ ಬೆರಕೆಗೆ ಎಡೆಗೊಡದಿದ್ದುದು ಕೊರತೆಯಲ್ಲ. ಎರಡನ್ನೂ ಆಳವಾಗಿ ಬಲ್ಲವರು ಎರಡಕ್ಕೂ ಸಲ್ಲಿಸಿದ ಗೌರವ.

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡಿ ಬೆಳೆಯುವ ನಮ್ಮ ಮಕ್ಕಳಿಗೆ ಈ ಗುಟ್ಟು ಬೇಗ ಹೊಳೆದೀತು. ಡಿಸೆಂಬರ್ ಕಛೇರಿಗಳಲ್ಲಿ ಒಡೆಯರದೊಂದು ಕೃತಿ ಬೇಕೆಂದು ಚೀಟಿ ಕಳಿಸುವ ಕೆಲಸ ನಮ್ಮದಾಗಲಿ.