ಪ್ರಶ್ನೆಯ ಮಾತು, ಉತ್ತರದ ಲೆಕ್ಕ

ಠಾಣೆಯ ಮೆಟ್ಟಿಲೇರದ ಅಪರಾಧವನ್ನು ಎಣಿಸುವುದು ಹೇಗೆಂಬ ಪ್ರಶ್ನೆಗೆ ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕಾಸ್ ಮತ್ತು ಅವರ ಸಹೋದ್ಯೋಗಿಗಳು 1987ರಲ್ಲಿ ನೀಡಿದ ಉತ್ತರ ಭಾಷೆಯನ್ನೇ ಆಧರಿಸಿತ್ತು. 32 ವಿದ್ಯಾಸಂಸ್ಥೆಗಳ 6,159 ವಿದ್ಯಾರ್ಥಿ-ವಿದ್ಯಾರ್ಥಿನಿಯರ ಮುಂದಿಟ್ಟ ಪ್ರಶ್ನಾವಳಿಯಲ್ಲಿ ಅನುಭವವನ್ನು ಗುರುತಿಸುವ ಪ್ರಶ್ನೆಗಳು ಅಪರಾಧದ ಹೆಸರನ್ನು ಎತ್ತಲಿಲ್ಲ. ನಡೆದದ್ದೇನು, ಹೆದರಿಸಿದರೇ, ಕೈಕಾಲು ಹಿಡಿದರೇ ಎಂದಷ್ಟೇ ಕೇಳಿದವು. ಹದಿನಾಲ್ಕನೆಯ ವಯಸ್ಸಿನಿಂದೀಚೆಗೆ ಕಾನೂನಿನ ವ್ಯಾಖ್ಯೆಗೆ ಹೊಂದುವ ಅತ್ಯಾಚಾರಕ್ಕೋ ಅದರ ಯತ್ನಕ್ಕೋ ಗುರಿಯಾದವರು ವಿದ್ಯಾರ್ಥಿನಿಯರಲ್ಲಿ ಶೇ. 27.5ರಷ್ಟಿದ್ದರು. ಅತ್ಯಾಚಾರಕ್ಕೊಳಗಾದವರಲ್ಲಿ ಅದನ್ನು ಆ ಹೆಸರಿನಿಂದ ಕರೆದವರು ಶೇ. 27 ಮಾತ್ರ. ಶೇ. 42ರಷ್ಟು ಮಂದಿ ಯಾರೊಡನೆಯೂ ಬಾಯಿಬಿಟ್ಟಿರಲಿಲ್ಲ. ಪೊಲೀಸರಿಗೆ ತಿಳಿಸಿದವರು ಶೇ. 5.

ಈ ಅಧ್ಯಯನದ ನಿಜವಾದ ಬೆಲೆ ಇರುವುದು ಕೊನೆಯ ಮೂರು ಸಂಖ್ಯೆಗಳಲ್ಲಿ. ಆದರೆ ವಾದವೆದ್ದದ್ದು ಮೊದಲನೆಯದರ ಮೇಲೆ. ಬರ್ಕ್ಲಿಯ ಪ್ರಾಧ್ಯಾಪಕ ನೀಲ್ ಗಿಲ್ಬರ್ಟ್ ಅವರ ಆಕ್ಷೇಪ ಎರಡು ಬಗೆಯದು. ಗಂಡಸು ಮದ್ಯ ಕೊಟ್ಟದ್ದರಿಂದ ಒಲ್ಲದ ಸಂಪರ್ಕ ನಡೆಯಿತೇ ಎಂಬ ಪ್ರಶ್ನೆ ಸಡಿಲವಾದದ್ದು ಎಂಬುದು ಒಂದು. ಇದು ಸರಿಯಾದ ಟೀಕೆ. 2007ರ ಪರಿಷ್ಕೃತ ಪ್ರಶ್ನಾವಳಿ, ತಡೆಯಲಾರದಷ್ಟು ಅಮಲೇರಿದ್ದ ಸ್ಥಿತಿಯನ್ನು ಸ್ಪಷ್ಟವಾಗಿ ಹೇಳಿ ಅದನ್ನು ತಿದ್ದಿತು. ಹೆಣ್ಣೇ ಅತ್ಯಾಚಾರವೆನ್ನದ್ದನ್ನು ಸಂಶೋಧಕರು ಹಾಗೆಂದು ಎಣಿಸಬಹುದೇ ಎಂಬ ಇನ್ನೊಂದು ಆಕ್ಷೇಪ ಮಾತ್ರ ನಿಲ್ಲುವುದಿಲ್ಲ. ಪರಿಚಿತನೇ, ಸಹಪಾಠಿಯೇ ಎಸಗಿದ ಕೃತ್ಯಕ್ಕೆ ಆ ಹೆಸರಿಡಲು ಹಿಂಜರಿಯುವುದು ಅಳೆಯಬೇಕಾದ ಮೌನದ್ದೇ ಒಂದು ಭಾಗ. ಹೆಸರಿಟ್ಟವರನ್ನಷ್ಟೇ ಎಣಿಸಿದರೆ ಮೌನ ಲೆಕ್ಕದಿಂದ ಜಾರಿಹೋಗುತ್ತದೆ.

ಇದಕ್ಕೆ ಗಟ್ಟಿಯಾದ ಪುರಾವೆ ದೊರೆತದ್ದು ಬಾನಿ ಫಿಶರ್, ಫ್ರಾನ್ಸಿಸ್ ಕಲನ್, ಮೈಕೆಲ್ ಟರ್ನರ್ ಅವರ 2000ನೇ ಇಸವಿಯ ವರದಿಯಿಂದ. ಒಂದೇ ಅವಧಿಯಲ್ಲಿ, ಒಂದೇ ಬಗೆಯ ದೂರವಾಣಿ ಸಂದರ್ಶನದಲ್ಲಿ, 4,446 ವಿದ್ಯಾರ್ಥಿನಿಯರಿಗೆ ಕೃತ್ಯವನ್ನು ಬಿಡಿಸಿ ಹೇಳುವ ಪ್ರಶ್ನೆಗಳನ್ನೂ 4,432 ಮಂದಿಗೆ ಸರಕಾರಿ ಅಪರಾಧ ಸಮೀಕ್ಷೆಯ ಮಾದರಿಯ ಪ್ರಶ್ನೆಗಳನ್ನೂ ಕೇಳಲಾಯಿತು. ಮೊದಲ ಗುಂಪಿನಲ್ಲಿ ಅತ್ಯಾಚಾರದ ಪ್ರಮಾಣ ಎರಡನೆಯದರ ಹನ್ನೊಂದು ಪಟ್ಟು. ಬದಲಾದದ್ದು ಮುಖ್ಯವಾಗಿ ಪ್ರಶ್ನೆಯ ಮಾತು. ಅಮೆರಿಕದ ನ್ಯಾಯ ಅಂಕಿಅಂಶ ಕಚೇರಿ 1995ರಿಂದ 2013ರವರೆಗಿನ ಅವಧಿಗೆ ನೀಡಿದ, ವರ್ಷಕ್ಕೆ ಸಾವಿರ ವಿದ್ಯಾರ್ಥಿನಿಯರಲ್ಲಿ 6.1 ಎಂಬ ಸಂಖ್ಯೆಯನ್ನು ಈ ಬೆಳಕಿನಲ್ಲೇ ಓದಬೇಕು. ಒಂದು ವರ್ಷದ ಲೆಕ್ಕವನ್ನು ಹಲವು ವರ್ಷಗಳ ಅನುಭವದ ಲೆಕ್ಕದ ಪಕ್ಕದಲ್ಲಿಟ್ಟು ಜಗಳವಾಡುವುದೂ ಅಷ್ಟೇ ವ್ಯರ್ಥ. ದೊಡ್ಡ ಸಂಖ್ಯೆಗಳಿಗೂ ತಮ್ಮದೇ ದೌರ್ಬಲ್ಯವುಂಟು: 27 ವಿಶ್ವವಿದ್ಯಾಲಯಗಳಲ್ಲಿ ನಡೆದ 2015ರ ಸಮೀಕ್ಷೆಗೆ ಉತ್ತರಿಸಿದವರು ಶೇ. 19.3 ಮಾತ್ರ. ಉಳಿದವರ ಮೌನಕ್ಕೆ ಕಾರಣ ಅನುಭವವೋ ಅನಾಸಕ್ತಿಯೋ ಎಂಬುದನ್ನು ಆ ಅಂಕಿ ಹೇಳಲಾರದು.

ಭಾರತದ ಕಾಲೇಜುಗಳಲ್ಲಿ ಅಳತೆ ಇನ್ನೂ ದೂರಿನ ಸುತ್ತಲೇ ಸುತ್ತುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2015ರ ನಿಯಮಾವಳಿ ಆಂತರಿಕ ದೂರು ಸಮಿತಿಯನ್ನೂ ದಾಖಲಾದ ಪ್ರಕರಣಗಳ ವಾರ್ಷಿಕ ವರದಿಯನ್ನೂ ಕೇಳುತ್ತದೆ. ಅಲ್ಲಿ ಸೊನ್ನೆಯೆಂದರೆ ನೆಮ್ಮದಿಯೂ ಆಗಬಹುದು, ಹೆದರಿಕೆಯೂ ಆಗಬಹುದು. ಕಾಸ್ ಮಾದರಿಯ ಪ್ರಶ್ನೆಗಳನ್ನು ಗಡಿನಾಡಿನ ಕಾಲೇಜುಗಳಿಗೆ ತರಹೊರಟರೆ ಮೊದಲ ತೊಡಕು ಪದಗಳದ್ದೇ. ಕನ್ನಡದ ‘ಅತ್ಯಾಚಾರ’ ಇಂದು ಲೈಂಗಿಕ ಅಪರಾಧವನ್ನೇ ಸೂಚಿಸುತ್ತದೆ. ಮರಾಠಿಯ ‘ಅತ್ಯಾಚಾರ’ ದೌರ್ಜನ್ಯಕ್ಕೆಲ್ಲ ಸಲ್ಲುವ ಮಾತು. ಕನ್ನಡದಲ್ಲಿ ದೌರ್ಜನ್ಯ ತಡೆ ಕಾಯ್ದೆಯೆನಿಸಿದ್ದು ಮರಾಠಿಯಲ್ಲಿ ‘ಅತ್ಯಾಚಾರ’ ಪ್ರತಿಬಂಧಕ ಕಾಯ್ದೆ. ಇದಕ್ಕೆ ವಿರುದ್ಧವಾಗಿ ಮರಾಠಿಯ ‘ಬಲಾತ್ಕಾರ’ ನೇರವಾಗಿ ಆ ಅಪರಾಧದ ಹೆಸರು. ಕನ್ನಡದಲ್ಲಿ ಬಲಾತ್ಕಾರವಾಗಿ ಊಟ ಮಾಡಿಸುವುದೂ ಉಂಟು! ಜತ್ತ, ಅಕ್ಕಲಕೋಟೆಗಳ ಕನ್ನಡ ಶಾಲೆಯಲ್ಲಿ ಓದಿ ಮರಾಠಿ ಕಾಲೇಜು ಸೇರಿದ ಹುಡುಗಿ ಮರಾಠಿ ಪ್ರಶ್ನಾವಳಿಯ ‘ಅತ್ಯಾಚಾರ’ವನ್ನು ಕನ್ನಡದ ಅರ್ಥದಲ್ಲಿ ಓದಿಕೊಂಡರೆ ಹಿಂಸೆ ಅನುಭವಿಸಿಯೂ ‘ಇಲ್ಲ’ ಎನ್ನುವಳು. ಅವಳು ಕನ್ನಡದಲ್ಲಿ ಬರೆದ ‘ಬಲಾತ್ಕಾರ’ವನ್ನು ಮರಾಠಿ ಬಲ್ಲ ಸಂಶೋಧಕ ಬೇರೆಯಾಗಿಯೇ ಎಣಿಸುವನು. ತಪ್ಪು ಎರಡೂ ಕಡೆಗೆ ವಾಲಬಹುದು. ತಮಿಳಿನ ‘ಕರ್ಪಳಿಪ್ಪು’, ಕನ್ನಡದ ‘ಶೀಲಭಂಗ’ ಇನ್ನೂ ಹಾನಿಕರ. ಅಪರಾಧಿಯ ಕೃತ್ಯವನ್ನು ಬಿಟ್ಟು ಹೆಣ್ಣಿನ ಶೀಲವನ್ನು ಹೆಸರಿಸುವ ಇಂಥ ಪದ ಕೇಳಿಸಿಕೊಂಡವಳು ‘ಹೌದು’ ಎನ್ನಬೇಕಾದರೆ ತನ್ನನ್ನೇ ಕೆಟ್ಟವಳೆಂದು ಒಪ್ಪಿಕೊಳ್ಳಬೇಕು.

ಹೆಸರನ್ನು ಬಿಟ್ಟು ಕೃತ್ಯವನ್ನು ಕೇಳುವ ವಿಧಾನ ಇಲ್ಲಿ ಇಮ್ಮಡಿ ಅಗತ್ಯ. ‘ಬೇಡವೆಂದರೂ’, ‘ಹೆದರಿಸಿ’, ‘ಎಚ್ಚರ ತಪ್ಪಿದ್ದಾಗ’ ಎಂಬ ಮಾತುಗಳು ಕಾಸರಗೋಡಿನಿಂದ ಸೊಲ್ಲಾಪುರದವರೆಗೆ ಯಾರಿಗೂ ಅರ್ಥವಾಗುತ್ತವೆ. ಕೃತ್ಯವನ್ನು ಹೇಳುವ ಮಾತಿನಲ್ಲಿ ಮಾತ್ರ ಅನುವಾದಕ ತಡವರಿಸುತ್ತಾನೆ: ‘ಸಂಭೋಗ’ ಪುಸ್ತಕದ ಮಾತು, ಮನೆಮಾತಿನಲ್ಲಿರುವುದು ಬೈಗುಳ ಅಥವಾ ಸೂಚನೆ. ಈ ಒಂದು ಪದವನ್ನು ಅನುವಾದಕರು ಮೇಜಿನ ಮುಂದೆ ಕೂತು ಆರಿಸುವ ಬದಲು, ಆಯಾ ಊರಿನ ವಿದ್ಯಾರ್ಥಿನಿಯರನ್ನೇ ಕೇಳಿ ಮೊದಲು ಪರೀಕ್ಷಿಸಿ ನೋಡಬೇಕಾಗುತ್ತದೆ.