ರುಜುವಾತಿನ ಹೊಣೆ: ಜಿಗಣಿಯಿಂದ ಕಂಡ ಆಧಾರ್

ಆಧಾರ್ ಬರುವುದಕ್ಕೆ ಸುಮಾರು ಹತ್ತು ವರ್ಷ ಮೊದಲೇ ಕರ್ನಾಟಕದ ಕಂದಾಯ ಇಲಾಖೆ ಬೆರಳಚ್ಚಿನ ಯಂತ್ರವನ್ನು ಆಡಳಿತದೊಳಕ್ಕೆ ತಂದಿತ್ತು. 2000ದ ಸುಮಾರಿಗೆ ಆರಂಭವಾದ ‘ಭೂಮಿ’ ಯೋಜನೆಯಲ್ಲಿ ಪಹಣಿಗಳು ತಾಲ್ಲೂಕು ಕಚೇರಿಯ ಗಣಕಯಂತ್ರ ಸೇರಿದಾಗ, ದಾಖಲೆಯನ್ನು ಮುಟ್ಟುವ ಸಿಬ್ಬಂದಿ ತನ್ನ ಬೆರಳೊತ್ತಿಯೇ ಒಳಗೆ ಪ್ರವೇಶಿಸಬೇಕೆಂಬ ಏರ್ಪಾಡು ಮಾಡಲಾಯಿತು. ಯಾವ ತಿದ್ದುಪಡಿಯನ್ನು ಯಾರು ಮಾಡಿದರೆಂಬುದು ಇದರಿಂದ ದಾಖಲಾಗುತ್ತಿತ್ತು, ಮುಂದೆ ಯಾರೂ ಹೊಣೆ ಜಾರಿಸಿಕೊಳ್ಳುವಂತಿರಲಿಲ್ಲ. ಪಹಣಿ ಕೇಳಿ ಬಂದ ರೈತ 15 ರೂಪಾಯಿ ಕೊಟ್ಟು ಪ್ರತಿ ಪಡೆದು ಹೋಗುತ್ತಿದ್ದ, ಅವನ ಬೆರಳನ್ನು ಯಾರೂ ಕೇಳುತ್ತಿರಲಿಲ್ಲ. ಆಧಾರ್ ಈ ದಿಕ್ಕನ್ನೇ ತಿರುಗಿಸಿತು. ಅಧಿಕಾರಿಯನ್ನು ಹೊಣೆಗಾರನನ್ನಾಗಿಸಲು ಬಂದ ಸಾಧನ, ಪ್ರಜೆಯು ತಾನು ತಾನೇ ಎಂದು ಮತ್ತೆ ಮತ್ತೆ ಸಾಬೀತುಪಡಿಸಬೇಕಾದ ಸಾಧನವಾಯಿತು. ಸಾರ್ವಜನಿಕ ಸೇವೆಯಲ್ಲಿ ಆಧಾರ್‌ನ ಬಳಕೆಯನ್ನು ಅಳೆಯುವಾಗ ಕೇಳಬೇಕಾದ ಮುಖ್ಯ ಪ್ರಶ್ನೆ ಇದು: ಯಂತ್ರ ಸೋತಾಗ ಅದರ ನಷ್ಟವನ್ನು ಯಾರು ಹೊರುತ್ತಾರೆ?

ಭಾರತೀಯ ವಿಶಿಷ್ಟ ಗುರುತಿನ ಪ್ರಾಧಿಕಾರ 2009ರಲ್ಲಿ ಸ್ಥಾಪನೆಯಾಯಿತು. ಬೆಂಗಳೂರಿನ ನಂದನ್ ನಿಲೇಕಣಿ ಅದರ ಮೊದಲ ಅಧ್ಯಕ್ಷರು, ಅದರ ತಂತ್ರಜ್ಞಾನ ಕೇಂದ್ರವೂ ಬೆಂಗಳೂರಿನಲ್ಲೇ ಇದೆ. 2010ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ತೆಂಭಲಿ ಗ್ರಾಮದಲ್ಲಿ ಮೊದಲ ಸಂಖ್ಯೆಗಳನ್ನು ನೀಡಲಾಯಿತು. ಈ ವ್ಯವಸ್ಥೆ ಎರಡು ಬೇರೆ ಬೇರೆ ಕೆಲಸಗಳನ್ನು ಮಾಡುತ್ತದೆ. ನೋಂದಣಿಯ ವೇಳೆ ಹತ್ತು ಬೆರಳು, ಎರಡು ಕಣ್ಣಿನ ಪಾಪೆಯ ವಿನ್ಯಾಸ ಮತ್ತು ಭಾವಚಿತ್ರ ಪಡೆದು, ಇದೇ ವ್ಯಕ್ತಿಗೆ ಮೊದಲೇ ಸಂಖ್ಯೆ ದೊರೆತಿದೆಯೇ ಎಂದು ಇಡೀ ಸಂಗ್ರಹದಲ್ಲಿ ಹುಡುಕುವುದು ಮೊದಲನೆಯದು. ಸೇವೆ ಪಡೆಯುವಾಗ ಒತ್ತಿದ ಬೆರಳು ಆ ಸಂಖ್ಯೆಯ ಮುಂದೆ ದಾಖಲಾದ ಬೆರಳಿಗೆ ಹೊಂದುತ್ತದೆಯೇ ಎಂದು ನೋಡುವುದು ಎರಡನೆಯದು. ಇದಕ್ಕೆ ‘ದೃಢೀಕರಣ’ ಎನ್ನುತ್ತಾರೆ. ಒಬ್ಬರಿಗೆ ಎರಡು ಕಾರ್ಡ್ ಸಿಗದಂತೆ ತಡೆಯುವುದು ಮೊದಲನೆಯ ಕೆಲಸದಿಂದಲೇ ಬಹುಮಟ್ಟಿಗೆ ಆಗಿಹೋಗುತ್ತದೆ. ಪ್ರತಿ ತಿಂಗಳು ನಡೆಯುವ ಎರಡನೆಯ ಕೆಲಸ ಅಂದಾಜಿನ ಲೆಕ್ಕಾಚಾರ: ಹೋಲಿಕೆ ಗೊತ್ತುಪಡಿಸಿದ ಮಟ್ಟವನ್ನು ಮುಟ್ಟದಿದ್ದರೆ ಅಸಲಿ ವ್ಯಕ್ತಿಯನ್ನೂ ಯಂತ್ರ ತಳ್ಳಿಹಾಕುತ್ತದೆ.

ಆನೇಕಲ್ ತಾಲ್ಲೂಕಿನ ಜಿಗಣಿಯಂಥ ಊರಿನಲ್ಲಿ ಇದು ಬರೀ ಲೆಕ್ಕದ ಮಾತಾಗಿ ಉಳಿಯುವುದಿಲ್ಲ. ಜಿಗಣಿಯ ಕೈಗಾರಿಕಾ ಪ್ರದೇಶದಲ್ಲಿ ಗ್ರಾನೈಟ್ ಕೊಯ್ದು ಪಾಲಿಶ್ ಮಾಡುವ ಘಟಕಗಳಿವೆ. ಕೊಯ್ಯುವ ಬ್ಲೇಡಿನ ಮೇಲೂ ಉಜ್ಜುವ ಕಲ್ಲಿನ ಮೇಲೂ ಸದಾ ನೀರು ಸುರಿಯುತ್ತಿರುತ್ತದೆ, ಕಲ್ಲಿನ ಹುಡಿ ಬೆರೆತ ಆ ರಾಡಿಯಲ್ಲಿ ದಿನವಿಡೀ ಆಡುವ ಕೈಗಳ ಬೆರಳತುದಿಯ ಗೆರೆಗಳು ಸವೆಯುತ್ತವೆ. ಸಿಮೆಂಟ್ ಕಲಸುವವರು, ಗಾರೆ ಕೆಲಸದವರು, ಕಾರ್ಖಾನೆಯ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವವರು, ಇಳಿವಯಸ್ಸಿನವರು ಎಲ್ಲರ ಕಷ್ಟವೂ ಇದೇ. ನ್ಯಾಯಬೆಲೆ ಅಂಗಡಿಯ ಮುಂದೆ ಕಾಣುವ ದೃಶ್ಯ ಕರ್ನಾಟಕದ ಯಾವ ಓದುಗನಿಗೂ ಹೊಸದಲ್ಲ: ಹೆಬ್ಬೆರಳು ಹೊಂದದಿದ್ದರೆ ತೋರುಬೆರಳು, ಅದೂ ಆಗದಿದ್ದರೆ ಇನ್ನೊಂದು ಕೈ, ಬೆರಳನ್ನು ಸೆರಗಿಗೆ ಒರೆಸಿ, ಜಿಡ್ಡು ಹತ್ತಲೆಂದು ತಲೆಗೂದಲಿಗೆ ಉಜ್ಜಿ, ಮತ್ತೆ ಒತ್ತುವುದು. ‘ಬೆರಳು ತಗೊಳ್ತಿಲ್ಲ, ಸಂಜೆ ಬನ್ನಿ’, ‘ಸರ್ವರ್ ಡೌನ್, ನಾಳೆ ನೋಡೋಣ’ ಎಂಬ ಮಾತುಗಳನ್ನು ಕೇಳಿ ಮರಳುವ ದಿನಗೂಲಿಯವರಿಗೆ ಮರುದಿನದ ಭೇಟಿಯೆಂದರೆ ಒಂದು ದಿನದ ಕೂಲಿ. ಕೂಲಿಯನ್ನು ದುಡಿದುಕೊಟ್ಟ ಬೆರಳೇ ಪಡಿತರಕ್ಕೆ ಅಡ್ಡಿಯಾಗುವುದು ಈ ವ್ಯವಸ್ಥೆಯ ಅತ್ಯಂತ ದೊಡ್ಡ ಅನ್ಯಾಯ.

ಜಿಗಣಿಯಲ್ಲೇ ಇದರ ಒಳ್ಳೆಯ ಮುಖವೂ ಕಾಣುತ್ತದೆ, ಅದನ್ನು ಮರೆಮಾಚಿದ ವಿಮರ್ಶೆ ಪ್ರಾಮಾಣಿಕವಾಗುವುದಿಲ್ಲ. ಬೊಮ್ಮಸಂದ್ರ–ಜಿಗಣಿ ಸಂಪರ್ಕ ರಸ್ತೆಯ ಇಕ್ಕೆಲದ ಕಾರ್ಖಾನೆಗಳಿಗೆ ಉತ್ತರ ಕರ್ನಾಟಕದಿಂದಲೂ ಬಿಹಾರ, ಒಡಿಶಾ, ಅಸ್ಸಾಂಗಳಿಂದಲೂ ದುಡಿಯುವ ಜನ ಬಂದಿದ್ದಾರೆ. ಮೊದಲು ಪಡಿತರ ಚೀಟಿ ಒಂದು ಊರಿನ ಒಂದು ಅಂಗಡಿಗೆ ಕಟ್ಟುಬಿದ್ದಿತ್ತು; ಊರು ಬಿಟ್ಟವರ ಪಾಲು ಊರಿನಲ್ಲೇ ಉಳಿಯುತ್ತಿತ್ತು. ‘ಒಂದು ದೇಶ, ಒಂದು ಪಡಿತರ ಚೀಟಿ’ ಯೋಜನೆಗೆ ಕರ್ನಾಟಕವು 2020ರ ಜನವರಿ 1ರಂದು ಇತರ 11 ರಾಜ್ಯಗಳೊಡನೆ ಸೇರಿತು, 2022ರ ಜೂನ್‌ನಲ್ಲಿ ಅಸ್ಸಾಂ ಸೇರುವುದರೊಂದಿಗೆ ಅದು ದೇಶವನ್ನೆಲ್ಲ ವ್ಯಾಪಿಸಿತು. ಈಗ ಒಡಿಶಾದ ಕಾರ್ಮಿಕ ಜಿಗಣಿಯಲ್ಲಿ ತನ್ನ ಪಾಲನ್ನು ಎತ್ತಿಕೊಂಡರೆ ಊರಿನಲ್ಲಿರುವ ಹೆಂಡತಿ ಮಕ್ಕಳು ಉಳಿದುದನ್ನು ಅಲ್ಲಿ ಪಡೆಯಬಹುದು. ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಕೇಂದ್ರ ಕೊಡುವ ಧಾನ್ಯಕ್ಕಷ್ಟೇ ಈ ಸೌಲಭ್ಯ ಅನ್ವಯಿಸುತ್ತದೆ, ಆದರೂ ಅದು ಸಣ್ಣ ಲಾಭವಲ್ಲ. ದೇಶಕ್ಕೆಲ್ಲ ಒಂದೇ ಗುರುತಿನ ಸಂಖ್ಯೆ ಇಲ್ಲದೆ ಇದು ಕಷ್ಟಸಾಧ್ಯವಾಗಿತ್ತು. ಹಾಗೆಂದು ಪ್ರತಿ ತಿಂಗಳು ಬೆರಳೇ ಹೊಂದಬೇಕೆಂಬ ಷರತ್ತು ಆ ಸಂಖ್ಯೆಯಿಂದ ತಾನಾಗಿ ಹುಟ್ಟುವುದಿಲ್ಲ. ಈ ಎರಡನ್ನೂ ಬೇರ್ಪಡಿಸಿ ನೋಡದಿರುವುದೇ ಆಧಾರ್‌ನ ಸಮರ್ಥಕರ ದೊಡ್ಡ ದೋಷ. ವಿರೋಧಿಗಳಲ್ಲೂ ಹಲವರಿಗೆ ಈ ದೋಷ ತಪ್ಪಿಲ್ಲ.

ಯಂತ್ರ ಸೋಲುವುದು ಅಪರೂಪವೆಂಬ ವಾದ ಸರ್ಕಾರದ್ದೇ ದಾಖಲೆಗಳ ಮುಂದೆ ನಿಲ್ಲುವುದಿಲ್ಲ. 2016–17ರ ಆರ್ಥಿಕ ಸಮೀಕ್ಷೆ ದೃಢೀಕರಣ ವಿಫಲವಾಗುವ ಅಂದಾಜು ಪ್ರಮಾಣವನ್ನು ಜಾರ್ಖಂಡ್‌ನಲ್ಲಿ ಶೇ. 49, ರಾಜಸ್ಥಾನದಲ್ಲಿ ಶೇ. 37, ಗುಜರಾತ್‌ನಲ್ಲಿ ಶೇ. 6 ಎಂದು ಉಲ್ಲೇಖಿಸಿತ್ತು. 2018ರಲ್ಲಿ ಪ್ರಾಧಿಕಾರದ ಮುಖ್ಯಸ್ಥರು ಸುಪ್ರೀಂ ಕೋರ್ಟ್ ಮುಂದಿಟ್ಟ ವಿವರದಂತೆ ಸರ್ಕಾರಿ ಸೇವೆಗಳಲ್ಲಿ ದೃಢೀಕರಣದ ಯಶಸ್ಸು ಶೇ. 88, ದೂರಸಂಪರ್ಕ ಕಂಪನಿಗಳಲ್ಲಿ ಶೇ. 97. ಸಿಮ್ ಕೊಳ್ಳುವವರಿಗಿಂತ ಅಕ್ಕಿ ಪಡೆಯುವವರ ಸೋಲು ಹೆಚ್ಚೆಂಬುದು ಈ ಎರಡು ಅಂಕಿಗಳ ನಡುವೆ ಎದ್ದು ಕಾಣುತ್ತದೆ. ಮಹಾಲೇಖಪಾಲರ ವರದಿ ಇನ್ನೂ ಗಂಭೀರವಾದುದು: 2018–19ರಲ್ಲಿ ನಡೆದ ಸುಮಾರು 3.04 ಕೋಟಿ ಬಯೋಮೆಟ್ರಿಕ್ ತಿದ್ದುಪಡಿಗಳಲ್ಲಿ ಶೇ. 73ಕ್ಕೂ ಹೆಚ್ಚು, ಜನ ತಾವಾಗಿ ಶುಲ್ಕ ತೆತ್ತು ಮಾಡಿಸಿಕೊಂಡವು. ನೋಂದಣಿಯಲ್ಲಿ ಬೆರಳಚ್ಚನ್ನು ಸರಿಯಾಗಿ ಪಡೆಯದ ತಪ್ಪಿನ ದಂಡವನ್ನು ಬಡವರಿಂದ ವಸೂಲು ಮಾಡುವುದಕ್ಕೆ ಯಾವ ನ್ಯಾಯವೂ ಇಲ್ಲ.

ಕಾನೂನಿನ ಹೋರಾಟಕ್ಕೂ ಕರ್ನಾಟಕದ್ದೇ ಹೆಸರು ಅಂಟಿದೆ. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಸಲ್ಲಿಸಿದ ಅರ್ಜಿಯಿಂದಾಗಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2018ರ ಸೆಪ್ಟೆಂಬರ್ 26ರ ತೀರ್ಪು ಬ್ಯಾಂಕ್ ಖಾತೆ ಮತ್ತು ಮೊಬೈಲ್‌ಗೆ ಆಧಾರ್ ಕಡ್ಡಾಯವೆಂಬುದನ್ನು ತೆಗೆದುಹಾಕಿತು, ಸಬ್ಸಿಡಿ ಹಾಗೂ ಪಡಿತರಕ್ಕೆ ಉಳಿಸಿತು, ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಒಬ್ಬರೇ ಭಿನ್ನಮತ ಬರೆದರು. ಸಿಮ್ ಕೊಳ್ಳುವ ಮಧ್ಯಮ ವರ್ಗಕ್ಕೆ ಆಯ್ಕೆ ದೊರೆತು, ಅಕ್ಕಿಯ ಸಾಲಿನಲ್ಲಿ ನಿಂತವರಿಗೆ ಅದು ದೊರೆಯದೆ ಹೋದದ್ದು ಆ ಬಹುಮತದ ತೀರ್ಪಿನ ಕೊರತೆ.

ಬೆರಳಾಚೆಗೂ ತೊಡಕುಗಳಿವೆ. 2023ರ ಜುಲೈನಿಂದ 2025ರ ಆರಂಭದವರೆಗೆ ಅನ್ನಭಾಗ್ಯದ ಹೆಚ್ಚುವರಿ ಅಕ್ಕಿಗೆ ಬದಲಾಗಿ ರಾಜ್ಯ ಸರ್ಕಾರ ತಲಾ 170 ರೂಪಾಯಿ ಹಾಕುತ್ತಿತ್ತು, ಗೃಹಲಕ್ಷ್ಮಿಯ 2,000 ರೂಪಾಯಿಯೂ ಆಧಾರ್ ಜೋಡಿಸಿದ ಖಾತೆಗೇ ಬರುತ್ತದೆ. ಒಂದು ಆಧಾರ್ ಸಂಖ್ಯೆಗೆ ಇಂಥ ಹಣ ಬೀಳುವುದು ಒಂದೇ ಬ್ಯಾಂಕಿಗೆ, ಅದೂ ಕೊನೆಯದಾಗಿ ಜೋಡಿಸಿದ ಬ್ಯಾಂಕಿಗೆ. ಜಿಗಣಿಯ ಕಾರ್ಖಾನೆ ಸೇರುವಾಗ ಸಂಬಳಕ್ಕೆಂದು ತೆರೆದ ಹೊಸ ಖಾತೆಗೆ ಆಧಾರ್ ಜೋಡಿಸಿದರೆ, ಊರಿನ ಬ್ಯಾಂಕಿಗೆ ಬರುತ್ತಿದ್ದ ಹಣ ಹೇಳದೆ ಕೇಳದೆ ಇಲ್ಲಿಗೆ ತಿರುಗುತ್ತದೆ. ಊರಿನಲ್ಲಿ ಪಾಸ್‌ಬುಕ್ ಹಿಡಿದು ಓಡಾಡುವವರಿಗೆ ಕಾರಣ ತಿಳಿಯುವುದಿಲ್ಲ. ಭವಿಷ್ಯನಿಧಿಯ ಖಾತೆಗೂ 2021ರಿಂದ ಆಧಾರ್ ಜೋಡಣೆ ಅನಿವಾರ್ಯವಾಗಿದೆ. ಕನ್ನಡಿಗರ ಹೆಸರಿನ ಮುಂದೆಯೋ ಹಿಂದೆಯೋ ಬರುವ ಇನಿಷಿಯಲ್, ಇಂಗ್ಲಿಷಿನಲ್ಲಿ ಬರೆಯುವಾಗ ‘ಮಂಜುನಾಥ’ದ ಕೊನೆಯಲ್ಲಿ ಒಂದು ಅಕ್ಷರ ಹೆಚ್ಚೋ ಕಡಿಮೆಯೋ ಆಗುವುದು, ನಿಜವಾದ ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಜನವರಿ 1 ಎಂದು ನಮೂದಾಗಿರುವುದು, ಇಷ್ಟು ಸಾಕು ದುಡಿದಿಟ್ಟ ಹಣ ಕೈಗೆ ಬಾರದಿರಲು.

ಬೆರಳಚ್ಚನ್ನು ಪಾಸ್‌ವರ್ಡ್‌ನಂತೆ ಬದಲಾಯಿಸಲು ಬರುವುದಿಲ್ಲ. 2023ರಲ್ಲಿ ಬೆಂಗಳೂರಿನಲ್ಲಿ ಬಯಲಾದ ವಂಚನೆಗಳಲ್ಲಿ, ನೋಂದಣಿ ಇಲಾಖೆಯ ಜಾಲತಾಣದಲ್ಲಿದ್ದ ಆಸ್ತಿಪತ್ರಗಳಿಂದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆ ಕದ್ದು, ಆಧಾರ್ ಆಧಾರಿತ ಪಾವತಿಯ ಮೂಲಕ ಖಾತೆಗಳಿಂದ ಹಣ ತೆಗೆದದ್ದು ಕಂಡುಬಂತು. ಅಸಲಿ ಕಾರ್ಮಿಕನನ್ನು ತಳ್ಳುವ ಯಂತ್ರ ನಕಲಿ ಬೆರಳಿಗೆ ಮೋಸಹೋಗಿತ್ತು.

ಜಿಗಣಿಗೆ ಕೆಲವೇ ಕಿಲೋಮೀಟರ್ ದೂರದ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯಲ್ಲಿ 2018ರಲ್ಲಿ ರೂಪುಗೊಂಡ ‘ಮೋಸಿಪ್’ ಎಂಬ ಮುಕ್ತ ತಂತ್ರಾಂಶವನ್ನು ಫಿಲಿಪೀನ್ಸ್, ಮೊರಾಕೊ, ಇಥಿಯೋಪಿಯಾಗಳು ತಮ್ಮ ಗುರುತಿನ ವ್ಯವಸ್ಥೆಗೆ ಬಳಸಿಕೊಂಡಿವೆ. ಇಲ್ಲಿಯ ತಂತ್ರಜ್ಞಾನ ಹೊರದೇಶಕ್ಕೆ ಹೋಗುವಾಗ ಇಲ್ಲಿಯ ಕಾರ್ಮಿಕರ ಅನುಭವವೂ ಅದರ ಜೊತೆ ಹೋಗಬೇಕಾಗಿತ್ತು.

ಒಟ್ಟಿನಲ್ಲಿ ಗುರುತಿನ ಸಂಖ್ಯೆಯಾಗಿ ಆಧಾರ್ ಉಪಯುಕ್ತ, ಪಡಿತರದ ಬಾಗಿಲಲ್ಲಿ ಬೆರಳಿನ ಕಾವಲುಗಾರನಾಗಿ ಅದು ಅಸಮರ್ಥನೀಯ. ದೃಢೀಕರಣ ವಿಫಲವಾಯಿತೆಂಬ ಕಾರಣಕ್ಕೆ ಯಾರಿಗೂ ಪಡಿತರ ನಿರಾಕರಿಸಬಾರದು, ಅಂಥವರ ವಿವರವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಧಾನ್ಯ ಕೊಡಬೇಕು ಎಂದು ಪ್ರಾಧಿಕಾರವೇ 2017ರ ಅಕ್ಟೋಬರ್ 24ರ ಸುತ್ತೋಲೆಯಲ್ಲಿ ಹೇಳಿದೆ. ಆ ಸುತ್ತೋಲೆಯ ಸಾರವನ್ನು ಪ್ರತಿ ನ್ಯಾಯಬೆಲೆ ಅಂಗಡಿಯ ಗೋಡೆಗೆ ಕನ್ನಡದಲ್ಲೂ, ಜಿಗಣಿಯಂಥ ಕಡೆ ಹಿಂದಿ, ಒಡಿಯಾಗಳಲ್ಲೂ ಅಂಟಿಸಲಿ. ಬೆರಳು ಹೊಂದದ ಕಾರ್ಡುದಾರರು ಮನೆಗೆ ಮರಳುವ ಮುನ್ನ ಆ ಪುಸ್ತಕವನ್ನು ತೆರೆಯಿರೆಂದು ಕೇಳಲಿ.