ಗಾಂಧಾರ ಪಿಕಪ್ಪಿನಲ್ಲಿಲ್ಲ

ಈ ವಾರ ಎಲೆಕ್ಟ್ರಿಕ್ ಗಿಟಾರಿನ ಎರಡು ಬಗೆಯ ಪಿಕಪ್‌ಗಳ, ಸಿಂಗಲ್ ಕಾಯಿಲ್ ಮತ್ತು ಹಂಬಕರ್, ಜಗಳದ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಬೇಗ ಮುಗಿಸಿಬಿಡುತ್ತೇನೆ. ಸಿಂಗಲ್ ಕಾಯಿಲ್ ತಂತಿಯ ಕಂಪನದ ಜೊತೆಗೆ ಮನೆಯ ಕರೆಂಟಿನ 50 ಹರ್ಟ್ಸ್ ಗುಂಯ್ ಸದ್ದನ್ನೂ ಹಿಡಿದು ತರುತ್ತದೆ. 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಎರಡು ಸುರುಳಿಗಳನ್ನು, ಸುತ್ತೂ ಅಯಸ್ಕಾಂತದ ಧ್ರುವವೂ ಒಂದಕ್ಕೊಂದು ಉಲ್ಟಾ ಇರುವಂತೆ ಜೋಡಿಸಿದರು. ಅದೇ ಹಂಬಕರ್. ಗುಂಯ್ ಸದ್ದು ತನ್ನನ್ನು ತಾನೇ ಕಡಿದುಕೊಂಡಿತು, ತಂತಿಯ ದನಿ ಉಳಿಯಿತು, ಮೇಲಿನ ಹೊಳಪು ಒಂದಿಷ್ಟು ಹೋಯಿತು. ತುಂಬಿದ ದನಿ ಬೇಕೆನ್ನುವವರು ಹಂಬಕರ್ ಹಾಕಿಸಲಿ, ಚೂಪು ದನಿ ಬೇಕೆನ್ನುವವರು ಸಿಂಗಲ್ ಕಾಯಿಲ್. ಇಬ್ಬರೂ ಸರಿ.

ನನ್ನ ತಕರಾರು ಇರುವುದು ಪಿಕಪ್ ಬದಲಾಯಿಸಿದರೆ ಎಲ್ಲವೂ ಸರಿಹೋಗುತ್ತದೆ ಎನ್ನುವ ಪಂಗಡದ ಜೊತೆ. ಪುಣೆಯಲ್ಲಿ ಅದಕ್ಕೆ ಅನುಯಾಯಿಗಳು ಬಹಳ. ಹಿಂಜವಡಿಯಲ್ಲಿ ಕೆಲಸಕ್ಕಿರುವ ಹುಬ್ಬಳ್ಳಿಯ ಹುಡುಗನೊಬ್ಬ ಮೊನ್ನೆ ಗಿಟಾರ್ ಹೊತ್ತು ಬಂದ. "ಕಾಕಾ, ಯಮನ್ ನುಡಿಸಿದ್ರ ಗಾಂಧಾರ ಕೂಡವಲ್ದರಿ. ಪಿಕಪ್ ಬದಲಿ ಮಾಡಿಸಿದ್ರೂ ಅಷ್ಟ" ಎಂದ. ಹಾರ್ಮೋನಿಯಂನ ಬಿಳಿ ಎರಡರ ಶ್ರುತಿಗೆ ತಂಬೂರಿ ಕೂಡಿಸಿ ಗಿಟಾರ್ ಕೈಗೆತ್ತಿಕೊಂಡೆ. ಅವನ ನಾಲ್ಕನೇ ತಂತಿ ಬಿಟ್ಟು ಮೀಟಿದರೆ ಷಡ್ಜ, ನಾಲ್ಕನೇ ಫ್ರೆಟ್ಟಿನಲ್ಲಿ ಗಾಂಧಾರ. ಅದನ್ನು ಮೀಟಿ ಹಿಡಿದಿಟ್ಟಾಗ ಸೆಕೆಂಡಿಗೆ ಆರರಷ್ಟು ಅಲೆಗಳು ಸ್ಪಷ್ಟವಾಗಿ ಎದ್ದವು. ಷಡ್ಜದ ತಂತಿ ತನ್ನೊಳಗಿನಿಂದ ತಾನೇ ಹೊಮ್ಮಿಸುವ ಗಾಂಧಾರ 386 ಸೆಂಟಿನಲ್ಲಿದೆ. ಫ್ರೆಟ್ಟಿನದು 400. (ಪಕ್ಕಪಕ್ಕದ ಎರಡು ಫ್ರೆಟ್ಟುಗಳ ಅಂತರದ ನೂರನೇ ಒಂದು ಪಾಲು ಒಂದು ಸೆಂಟ್.) ಆ 14 ಸೆಂಟಿನ ಅಂತರವೇ ಅಲೆಯಾಗಿ ಕೇಳುತ್ತದೆ. ಪಿಕಪ್ ಎಂಥದೇ ಇರಲಿ, ಉಕ್ಕಿನ ತಂತಿ ಎಷ್ಟು ಸಲ ಕಂಪಿಸುತ್ತದೋ ಅಷ್ಟನ್ನೇ ಅದು ಆಂಪ್ಲಿಫೈಯರಿಗೆ ಒಪ್ಪಿಸುತ್ತದೆ.

ಬೇರೆ ಊರಿನಲ್ಲಾದರೆ 14 ಸೆಂಟನ್ನು ಕ್ಷಮಿಸಿಯಾರು. ಇದು ಗಾಯಕ ಅಬ್ದುಲ್ ಕರೀಂ ಖಾನರು ಆರ್ಯ ಸಂಗೀತ ವಿದ್ಯಾಲಯ ನಡೆಸಿದ ಊರು. ಸಾಂಗ್ಲಿಯ ಕೆ. ಬಿ. ದೇವಲ್ 22 ಶ್ರುತಿಗಳನ್ನು ಅಳೆಯಲು ಹೊರಟಾಗ ಅವರಿಗೆ ಹಾಡಿ ತೋರಿಸಿದವರೂ ಖಾನ್ ಸಾಹೇಬರೇ. ದೇವಲರ ಪುಸ್ತಕ 1910ರಲ್ಲಿ ಬಂತು. ಖಾನರ ಶಿಷ್ಯ ನಮ್ಮ ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯ ಗದಗಿನ ಭೀಮಸೇನ ಜೋಶಿ. ಗುರುವಿನ ಹೆಸರಿನಲ್ಲಿ ಭೀಮಸೇನರು 1953ರಲ್ಲಿ ಇಲ್ಲಿ ಶುರುಮಾಡಿದ ಮಹೋತ್ಸವದಲ್ಲಿ ಕೂತು ಬೆಳೆದ ಕಿವಿಗಳು ತಂಬೂರಿಯೊಳಗಿನ ಗಾಂಧಾರವನ್ನೇ ಗಾಂಧಾರವೆಂದು ನಂಬಿವೆ. ಆ ಕಿವಿಗಳ ಮುಂದೆ ಯಮನ್ ನುಡಿಸಬೇಕೆಂದರೆ ಗಾಂಧಾರ ಕೂಡಲೇಬೇಕು.

ಕೂಡಿಸುವುದು ಹೇಗೆ? ತಂತಿ ಎಳೆದರೆ ಸ್ವರ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಗಿಟಾರಿನ ಕೋಮಲ ಗಾಂಧಾರ 300 ಸೆಂಟಿನಲ್ಲಿದೆ, ನಮಗೆ ಬೇಕಾದದ್ದು 316. ಬೆರಳು ಕೊಂಚ ಎಳೆದರೆ ಸಿಕ್ಕಿತು. ಶುದ್ಧ ಗಾಂಧಾರ ಹಾಗೆ ಸಿಗದು, ಫ್ರೆಟ್ಟೇ ಅದನ್ನು ದಾಟಿ ಮುಂದೆ ಕೂತಿದೆ. ಸಿತಾರಿನವರಿಗೆ ಈ ಕಷ್ಟವಿಲ್ಲ, ದಾರದಲ್ಲಿ ಕಟ್ಟಿದ ಫ್ರೆಟ್ಟನ್ನು, ಅಂದರೆ ಪರದೆಯನ್ನು, ಸರಿಸಿಕೊಳ್ಳುತ್ತಾರೆ. ಸರಿಸುವ ಮಾತು ಒತ್ತಟ್ಟಿಗಿರಲಿ, ಅವರಿಗೆ ಇನ್ನೊಂದು ದಾರಿಯೂ ಇದೆ. ಧಾರವಾಡದಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಉಸ್ತಾದ್ ಉಸ್ಮಾನ್ ಖಾನರ ಎಡಗೈಯನ್ನು ಗಮನಿಸಿದವರಿಗೆ ಗೊತ್ತು: ಕೆಳಗಿನ ಪರದೆಯಲ್ಲಿ ತಂತಿ ಒತ್ತಿ, ಅಲ್ಲಿಂದ ಅದನ್ನು ಪಕ್ಕಕ್ಕೆಳೆದು ಮೀಂಡಿನಲ್ಲಿ ಮೇಲಿನ ಸ್ವರಕ್ಕೆ ಏರುವುದು. ಏರಿಕೆಯನ್ನು ಎಲ್ಲಿ ನಿಲ್ಲಿಸಬೇಕೆಂದು ಕಿವಿ ಹೇಳುತ್ತದೆ. ಹುಡುಗನಿಗೂ ಅದನ್ನೇ ಹೇಳಿದೆ. ಮೂರನೇ ತಂತಿಯ 10ನೇ ಫ್ರೆಟ್ಟಿನಲ್ಲಿ ಕೋಮಲ ಗಾಂಧಾರ ಹಿಡಿದು 86 ಸೆಂಟ್ ಎಳೆ, ನೂರಕ್ಕೆ ಹೋಗಬೇಡ. ಎಳೆದ. ಅಲೆಗಳು ನಿಧಾನವಾದವು, ನಿಂತವು.

ಈ ಎಳೆತಕ್ಕೆ ಒಪ್ಪುವ ಕತ್ತನ್ನು ಆರಿಸಬೇಕು, ದುಡ್ಡು ಹಾಕಬೇಕಾದದ್ದು ಅಲ್ಲಿ. ಹಳೆಯ ಮಾದರಿಯ ಸ್ಟ್ರ್ಯಾಟೊಕ್ಯಾಸ್ಟರಿನ ಫ್ರೆಟ್‌ಬೋರ್ಡ್ 7.25 ಇಂಚು ತ್ರಿಜ್ಯದ ಬಾಗು. ತಂತಿಯನ್ನು ತಗ್ಗಿಸಿಟ್ಟು ಮೇಲಿನ ಫ್ರೆಟ್ಟುಗಳಲ್ಲಿ ಜೋರಾಗಿ ಎಳೆದರೆ ತಂತಿ ಆ ಉಬ್ಬಿಗೆ ತಾಗಿ ಸತ್ತುಹೋಗುತ್ತದೆ. ಗಿಬ್ಸನ್ನಿನ 12 ಇಂಚಿನ ಬಾಗು ಚಪ್ಪಟೆ, ಅಲ್ಲಿ ಈ ಕಾಟ ಕಡಿಮೆ. ತಂತಿಯ ಉದ್ದವೂ 648 ಮಿಲಿಮೀಟರಿನ ಬದಲು 628. ಅದೇ ತಂತಿ, ಅದೇ ಶ್ರುತಿಗೆ ಬಿಗಿತ ಶೇಕಡ 6ರಷ್ಟು ಇಳಿಯುತ್ತದೆ. ಫ್ರೆಟ್ಟುಗಳ ನಡುವಿನ ಮರವನ್ನು ಕೆರೆದು ತಗ್ಗು ಮಾಡಿಸಿದರೆ ಇನ್ನೂ ಒಳ್ಳೆಯದು. ಬೆರಳ ತುದಿ ಮರಕ್ಕೆ ಉಜ್ಜದೆ ತಂತಿಯನ್ನಷ್ಟೇ ಹಿಡಿಯುತ್ತದೆ. ಜಾನ್ ಮೆಕ್‌ಲಾಫ್ಲಿನ್ ಶಕ್ತಿ ತಂಡಕ್ಕೆಂದು ಮಾಡಿಸಿಕೊಂಡ ಗಿಟಾರಿನಲ್ಲಿ ಇದೇ ಕೆಲಸ ಆಗಿತ್ತು. ಮೇಣದ ಮೇಲೆ ಎತ್ತರಕ್ಕೆ ಕೂರಿಸಿದ ಮೆಟ್ಟಿಲುಗಳಿಂದ ನಮ್ಮ ವೀಣೆಗೆ ಈ ಸೌಕರ್ಯ ಮೊದಲಿನಿಂದಲೂ ಇದೆ.

ಇಷ್ಟಾದ ಮೇಲೆ ಪಿಕಪ್. ತಂತಿಯನ್ನು ದೂರ ಎಳೆದಾಗ ಅದು ತನ್ನ ಅಯಸ್ಕಾಂತದ ಗುಂಡಿಯ ನೇರ ಬಿಟ್ಟು ಪಕ್ಕಕ್ಕೆ ಸರಿಯುತ್ತದೆ, ದನಿ ಅಲ್ಲೇ ಕುಗ್ಗುತ್ತದೆ. ಗುಂಡಿಗಳ ಬದಲು ಉದ್ದ ಪಟ್ಟಿ ಇರುವ ಪಿಕಪ್‌ನಲ್ಲಿ ಮೀಂಡಿನ ಉದ್ದಕ್ಕೂ ದನಿ ಸಮನಾಗಿ ಬರುತ್ತದೆ. ಬುಧವಾರ ಪೇಟೆಗೆ ಹೋಗಿ ಸೋಲ್ಡರಿಂಗ್ ತಂತಿ ತರುವ ಉತ್ಸಾಹವಿದ್ದರೆ ಈ ಒಂದು ಬದಲಾವಣೆಗೆ ನನ್ನ ಒಪ್ಪಿಗೆಯಿದೆ. ಅದಕ್ಕೂ ಮುಂಚೆ ಸ್ಕ್ರೂಡ್ರೈವರ್ ಹಿಡಿದು ಕತ್ತಿನ ಕಡೆಯ ಪಿಕಪ್ ತಗ್ಗಿಸಿ. ಬಲವಾದ ಅಯಸ್ಕಾಂತ ತಂತಿಗೆ ತೀರಾ ಹತ್ತಿರವಿದ್ದರೆ ಅದರ ಕಂಪನವನ್ನೇ ಜಗ್ಗಿ ಸ್ವರ ಕದಡುತ್ತದೆ. ಹುಡುಗನ ಗಿಟಾರಿನಲ್ಲಿ ಹೊಸ ಪಿಕಪ್ಪನ್ನು ತಂತಿಗೆ ತಾಗುವಷ್ಟು ಮೇಲಕ್ಕೆ ಕೂರಿಸಿದ್ದರು. ಎರಡು ಸುತ್ತು ತಿರುಗಿಸಿ ಇಳಿಸಿದೆ.